ಪುಸ್ತಕದ ದುಡ್ಡಿಗೇ ಕತ್ತರಿ ಯಾಕೆ?

ಛಾವಣಿ ಸೋರುತ್ತಿದೆ, ಅದಕ್ಕೆ ಈ ವರ್ಷ ಪುಸ್ತಕ ಖರೀದಿಯ ಹಣ ಅರ್ಧಕ್ಕೆ ಇಳಿಸೋಣ ಅಂತ ಗ್ರಂಥಾಲಯ ಸಮಿತಿ ಹೇಳುತ್ತಿದೆ, ಹೊಸ ಸದಸ್ಯನಾಗಿ ಒಪ್ಪಬೇಕಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಸುಮ್ನೆ ಕೈ ಎತ್ತುತ್ತಿರಲಿಲ್ಲ. ಸಣ್ಣ ಗ್ರಂಥಾಲಯದಲ್ಲಿ ಸಾಮಾನ್ಯವಾಗಿ ಜಾಸ್ತಿ ದುಡ್ಡು ಹೋಗುವುದು ಸಂಬಳಕ್ಕೆ, ಆಮೇಲೆ ಕರೆಂಟು, ಕಟ್ಟಡ. ಅವನ್ನು ಮುಟ್ಟುವುದು ಕಷ್ಟ, ಹಾಗಾಗಿ ಕತ್ತರಿ ಬೀಳುವುದು ಪುಸ್ತಕದ ಮೇಲೆ. ಛಾವಣಿ ಒಂದು ಸಲದ ಖರ್ಚು ಅಲ್ವಾ? ಮೀಸಲು ನಿಧಿ ಇದೆಯಾ ಅಂತ ಮೊದಲು ಕೇಳಿ. ಪುಸ್ತಕದ ಹಣ ಒಮ್ಮೆ ಇಳಿಯಿತು ಅಂದರೆ ಮುಂದಿನ ವರ್ಷ ಆ ಇಳಿದ ಅಂಕಿಯಿಂದಲೇ ಲೆಕ್ಕ ಶುರುವಾಗುತ್ತದೆ, ಮತ್ತೆ ಮೇಲೆ ತರಲು ಹೆಣಗಾಡಬೇಕು. ಯಾರಾದರೂ ಮಕ್ಕಳ ಪುಸ್ತಕಕ್ಕೆ ಅಂತಲೇ ದಾನ ಕೊಟ್ಟಿದ್ದರೆ ಅದನ್ನು ಛಾವಣಿಗೆ ತಿರುಗಿಸಲು ಬಿಡಬೇಡಿ.

ಇ-ಪುಸ್ತಕದ ಖರ್ಚನ್ನೂ ನೋಡಿ. ಕೆಲವು ಲೈಸೆನ್ಸ್ 26 ಸಲ ಎರವಲು ಹೋದ ಮೇಲೆ ಮುಗಿಯುತ್ತದೆ, ಮತ್ತೆ ಕೊಳ್ಳಬೇಕು (ಕಾಗದದ್ದಾದರೆ ಬೈಂಡ್ ಮಾಡಿಸಿ ಇನ್ನಷ್ಟು ವರ್ಷ ಓಡಿಸಬಹುದು). ಯಾವ ಪುಸ್ತಕ ಅನ್ನುವುದನ್ನು ಮಾತ್ರ ಗ್ರಂಥಪಾಲಕರಿಗೇ ಬಿಡಿ, ಸಮಿತಿ ಒಟ್ಟು ಮೊತ್ತ ನೋಡಿಕೊಂಡರೆ ಸಾಕು. ಮತಕ್ಕೆ ಹಾಕುವ ಮೊದಲು 3 ವರ್ಷದ ಖರ್ಚಿನ ಪಟ್ಟಿ ಕೇಳಿ. ಕೊಡದಿದ್ದರೆ ನಿಮ್ಮ ಆಕ್ಷೇಪವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.