ಕಂಪನಿಯ ಗ್ರೂಪ್ ಆರೋಗ್ಯ ವಿಮೆಯಲ್ಲಿ ಮನೋವೈದ್ಯರ ಖರ್ಚು ಸಿಗುತ್ತದೆಯೇ?

ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಕೆಲಸಕ್ಕೆ ಹೊರಡುವ ಹೊತ್ತಿಗೆ ಎದೆ ಡವಗುಟ್ಟುತ್ತದೆ, ಕಂಪನಿಯ ಗ್ರೂಪ್ ವಿಮೆಯಲ್ಲಿ ಮನೋವೈದ್ಯರ ಖರ್ಚು ಸಿಗುತ್ತದೆಯೇ, ಕ್ಲೇಮ್ ಹಾಕಿದರೆ ಎಚ್‌ಆರ್‌ಗೆ ಗೊತ್ತಾಗುತ್ತದೆಯೇ ಎಂದು ಕೇಳಿದ್ದೀರಿ. ಮೂರು ವರ್ಷಗಳ ಹಿಂದೆ ಇದೇ ಎರಡು ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು ನಾನು ಐದು ತಿಂಗಳು ವೈದ್ಯರ ಬಳಿಗೇ ಹೋಗಿರಲಿಲ್ಲ. ಅಷ್ಟರಲ್ಲಿ ಕಾಯಿಲೆ ಇನ್ನಷ್ಟು ಬಲಿತಿತ್ತು. ನಿಮಗೆ ಹಾಗಾಗಬಾರದೆಂಬ ಕಾಳಜಿಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಿಮ್ಮ ಪರವಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್, ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡಲಾಗುತ್ತದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಕೊಡಬೇಕೆಂದು ಎಲ್ಲ ವಿಮಾ ಕಂಪನಿಗಳಿಗೆ ವಿಧಿಸುತ್ತದೆ. ಇದನ್ನು ಪಾಲಿಸುವಂತೆ ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು, 2022ರಲ್ಲಿ ಮತ್ತೊಮ್ಮೆ ಸೂಚನೆ ಕೊಟ್ಟಿತು. ಆದರೆ ‘ಅದೇ ಆಧಾರ’ ಎಂಬ ಮಾತನ್ನು ಹಲವರು ತಪ್ಪಾಗಿ ತಿಳಿಯುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. ಸಾಮಾನ್ಯ ಆರೋಗ್ಯ ವಿಮೆ ಹಣ ಕೊಡುವುದು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾಗಿ ಕನಿಷ್ಠ 24 ಗಂಟೆ ಅಲ್ಲಿದ್ದರೆ ಮಾತ್ರ. ಜ್ವರಕ್ಕೆ ವೈದ್ಯರನ್ನು ಕಂಡು ಬಂದ ಶುಲ್ಕವನ್ನು ಕೊಡದ ಪಾಲಿಸಿ, ಆತಂಕಕ್ಕೋ ಖಿನ್ನತೆಗೋ ಮನೋವೈದ್ಯರನ್ನು ಕಂಡು ಬಂದ ಶುಲ್ಕವನ್ನೂ ಕೊಡುವುದಿಲ್ಲ. ನಮ್ಮಂಥವರಿಗೆ ಬೇಕಾಗುವ ಚಿಕಿತ್ಸೆಯಾದರೋ ಬಹುಪಾಲು ವಾರಕ್ಕೊಮ್ಮೆ ಹೋಗಿ ಮಾತನಾಡಿ ಬರುವಂಥದ್ದು. ಆದ್ದರಿಂದ ನಿಮ್ಮ ಪಾಲಿಸಿಯಲ್ಲಿ ಒಪಿಡಿ, ಅಂದರೆ ಹೊರರೋಗಿ ಚಿಕಿತ್ಸೆಯ ಸೌಲಭ್ಯ ಇದೆಯೇ ಎಂಬುದರ ಮೇಲೆ ನಿಮ್ಮ ಮೊದಲ ಪ್ರಶ್ನೆಯ ಉತ್ತರ ನಿಂತಿದೆ.

ಇದನ್ನು ತಿಳಿಯಲು ಕೆಲಸಕ್ಕೆ ಸೇರಿದಾಗ ಬಂದ ಪರಿಚಯದ ಇಮೇಲ್ ಸಾಲದು. ಪಾಲಿಸಿಯ ಪೂರ್ಣ ಪಠ್ಯವನ್ನೂ ಸೌಲಭ್ಯಗಳ ಪಟ್ಟಿಯನ್ನೂ ಎಚ್‌ಆರ್ ಬಳಿ ಕೇಳಿ ಪಡೆಯಿರಿ. ಕಾರಣ ಹೇಳಬೇಕಾಗಿಲ್ಲ, ವಿಮೆಯ ವಿವರ ಬೇಕು ಎಂದರೆ ಸಾಕು. ಗ್ರೂಪ್ ಪಾಲಿಸಿಯ ಷರತ್ತುಗಳನ್ನು ನಿಮ್ಮ ಕಂಪನಿಯೇ ಮಾತನಾಡಿ ಗೊತ್ತುಮಾಡಿಕೊಂಡಿರುವುದರಿಂದ, ಬೇರೆ ಕಂಪನಿಯಲ್ಲಿರುವ ಸ್ನೇಹಿತರಿಗೆ ಅದೇ ವಿಮಾ ಸಂಸ್ಥೆ ಹಣ ಕೊಟ್ಟಿತೆಂಬುದು ನಿಮಗೆ ಆಧಾರವಾಗುವುದಿಲ್ಲ. ಒಪಿಡಿ ಇದ್ದರೆ ಅದರ ವಾರ್ಷಿಕ ಮಿತಿ ಎಷ್ಟು, ಮನೋವೈದ್ಯರ ಶುಲ್ಕ ಮಾತ್ರವೇ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಪಡೆಯುವ ಥೆರಪಿಯೂ, ಅಂದರೆ ಮಾತುಕತೆಯ ಚಿಕಿತ್ಸೆಯೂ ಸೇರಿದೆಯೇ, ಮಾತ್ರೆಗಳ ಖರ್ಚು ಬರುತ್ತದೆಯೇ ಎಂಬುದನ್ನು ನೋಡಿಕೊಳ್ಳಿ.

ಕಾಗದಪತ್ರಗಳ ವಿಷಯದಲ್ಲಿ ನಾನು ಎಡವಿದ್ದೆ. ಆರು ಭೇಟಿಗಳ ರಸೀದಿಗಳನ್ನು ಒಟ್ಟಿಗೆ ಕಳಿಸಿದಾಗ, ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ, ಅಂದರೆ ಟಿಪಿಎ, ಅವೆಲ್ಲವನ್ನೂ ಹಿಂದಿರುಗಿಸಿತು. ರಸೀದಿಯಲ್ಲಿ ನನ್ನ ಹೆಸರು, ದಿನಾಂಕ, ಮೊತ್ತ, ‘ಕನ್ಸಲ್ಟೇಶನ್’ ಎಂಬ ಒಂದು ಪದ, ಇಷ್ಟೇ ಇತ್ತು. ಥೆರಪಿ ಕೊಟ್ಟವರ ನೋಂದಣಿ ಸಂಖ್ಯೆ ಇರಲಿಲ್ಲ, ಥೆರಪಿ ಬೇಕೆಂದು ಮನೋವೈದ್ಯರು ಬರೆದ ಸಲಹಾ ಚೀಟಿಯೂ ಇರಲಿಲ್ಲ. ಮತ್ತೆ ಹೋಗಿ ಕೇಳಿದಾಗ ಮನೋವೈದ್ಯರು ತಮ್ಮ ಲೆಟರ್‌ಹೆಡ್ ಮೇಲೆ ಎರಡೇ ಸಾಲು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಸೈಕಾಲಜಿಸ್ಟ್ ತಮ್ಮ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಪ್ರತಿ ರಸೀದಿಯ ಮೇಲೂ ಬರೆದುಕೊಟ್ಟರು. ಮೂರನೆಯ ವಾರದಲ್ಲಿ ಹಣ ಖಾತೆಗೆ ಬಂತು. ನೀವು ಮೊದಲ ಭೇಟಿಯಲ್ಲೇ ಇವೆರಡನ್ನೂ ಕೇಳಿ ಪಡೆಯಿರಿ. ಬಿಲ್ ಸಲ್ಲಿಸಲು ಗಡುವಿರುತ್ತದೆ, ಕೂಡಿಡಬೇಡಿ.

ಇನ್ನು ಗೋಪ್ಯತೆ. ಅರ್ಜಿಯಲ್ಲಿ ‘ಕಾಯಿಲೆಯ ಹೆಸರು’ ಎಂಬ ಖಾನೆಯ ಎದುರು ನನ್ನ ಕೈ ಬಹಳ ಹೊತ್ತು ನಿಂತಿತ್ತು, ಆದ್ದರಿಂದ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಚಿಕಿತ್ಸೆ ಕೊಡುವವರು ನಿಮ್ಮ ವಿವರಗಳನ್ನು ಗುಟ್ಟಾಗಿಡಬೇಕೆಂದು ಅದೇ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಕ್ಲೇಮ್ ಅನ್ನು ಎಚ್‌ಆರ್ ಇಮೇಲ್ ಮೂಲಕ ಕಳಿಸದೆ, ಟಿಪಿಎಯ ಪೋರ್ಟಲ್‌ನಲ್ಲಿ ಸ್ವಂತ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು ನೀವೇ ಹಾಕಿ. ಕಂಪನಿಗೆ ಹೋಗುವ ವರದಿಯಲ್ಲಿ ಉದ್ಯೋಗಿಯ ಹೆಸರು ಮತ್ತು ಕಾಯಿಲೆ ಇರುತ್ತವೆಯೇ ಎಂಬುದನ್ನು ಟಿಪಿಎಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ನಾನು ಹಾಗೆಯೇ ಮಾಡಿದೆ. ಒಟ್ಟು ಮೊತ್ತ ಮಾತ್ರ ಹೋಗುತ್ತದೆಂಬ ಉತ್ತರ ಬಂದ ಮೇಲೆಯೇ ನನಗೆ ಧೈರ್ಯ ಬಂದದ್ದು.

ಒಪಿಡಿ ಇಲ್ಲವೆಂದಾದರೆ, ನಿಮ್ಮ ಕಂಪನಿಯಲ್ಲಿ ಉದ್ಯೋಗಿ ನೆರವು ಕಾರ್ಯಕ್ರಮ ಇದೆಯೇ ನೋಡಿ. ಸಾಮಾನ್ಯವಾಗಿ ಹೊರಗಿನ ಸಂಸ್ಥೆಯೊಂದು ಕೆಲವು ಸಮಾಲೋಚನೆಗಳನ್ನು ಉಚಿತವಾಗಿ ಕೊಡುತ್ತದೆ, ಕ್ಲೇಮ್ ಹಾಕುವ ಪ್ರಶ್ನೆಯೇ ಬರುವುದಿಲ್ಲ. ಪಾಲಿಸಿಯಲ್ಲಿ ಸೌಲಭ್ಯವಿದ್ದೂ ಕ್ಲೇಮ್ ತಿರಸ್ಕರಿಸಿದರೆ, ಮೊದಲು ವಿಮಾ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಮುಂದೆ ಸ್ವಂತ ಪಾಲಿಸಿ ಮಾಡಿಸುವಾಗ ಈ ಚಿಕಿತ್ಸೆಯ ವಿಷಯವನ್ನು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಆಮೇಲೆ ಬೇರೆ ಕಾಯಿಲೆಯ ಕ್ಲೇಮ್‌ಗೂ ತೊಂದರೆಯಾಗಬಹುದು.

ಈ ವಿಚಾರಣೆಗಳೆಲ್ಲ ಮುಗಿಯಲು ಎರಡು ಮೂರು ವಾರ ಹಿಡಿಯುತ್ತದೆ. ದಯವಿಟ್ಟು ಅದಕ್ಕಾಗಿ ಕಾಯಬೇಡಿ, ಮೊದಲ ಭೇಟಿಯನ್ನು ಈ ವಾರವೇ ಗೊತ್ತುಮಾಡಿ, ರಸೀದಿ ಇಟ್ಟುಕೊಳ್ಳಿ. ಅಷ್ಟರೊಳಗೆ ಯಾವುದಾದರೂ ರಾತ್ರಿ ತೀರಾ ಕಷ್ಟವೆನಿಸಿದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.