ದುರ್ನಡತೆ ಎಂದರೆ ನಡತೆಗೆಟ್ಟವಳು ಎಂದಲ್ಲ

ಕಾರಣ ಕೇಳುವ ನೋಟಿಸು ಹಿಡಿದು ಆಪ್ತಸಲಹೆಗಾರಳಾದ ನನ್ನ ಬಳಿ ಬರುವ ಹೆಣ್ಣುಮಕ್ಕಳು ಹೆಚ್ಚುತ್ತಿದ್ದಾರೆ. ನೋಟಿಸು ಕೊಡುವುದು ಕಾರ್ಖಾನೆ, ರಂಪವಾಗುವುದು ಮನೆಯಲ್ಲಿ. ಅದಕ್ಕೇ ಈ ಪ್ರಕರಣವನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ಆಕೆ ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್, ಮನೆ ಆಲೂರು ಕಡೆಯ ಹಳ್ಳಿಯಲ್ಲಿ. ಪಾಳಿ ಮುಗಿದ ಮೇಲೂ ಓಟಿ ಮಾಡಬೇಕೆಂಬ ಸೂಪರ್‌ವೈಸರ್ ಮಾತನ್ನು ಮತ್ತೆ ಮತ್ತೆ ನಿರಾಕರಿಸಿದ್ದಳು. 'ಉದ್ದೇಶಪೂರ್ವಕ ಅವಿಧೇಯತೆ ತೋರಿ ದುರ್ನಡತೆ ಎಸಗಿರುತ್ತೀರಿ' ಎಂದು ನೋಟಿಸು ಬಂತು. ಅವಿಧೇಯತೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ದುರ್ನಡತೆ ಎಲ್ಲರಿಗೂ ತಿಳಿಯಿತು, ಅದೂ ತಪ್ಪಾಗಿ. ಅತ್ತೆ ಮಾತು ಬಿಟ್ಟರು. ಈಕೆಗೆ ನಿದ್ದೆ ಹೋಯಿತು.

ಗಂಡನನ್ನೂ ಕರೆಸಿದೆ. "ಸುಮ್ಮಸುಮ್ಮನೆ ಹಾಗೆ ಬರೆಯುತ್ತಾರೆಯೇ ಮೇಡಂ? ತಪ್ಪಾಯಿತೆಂದು ಬರೆದುಕೊಟ್ಟು ಮುಗಿಸಲಿ," ಎಂದ. ಅಲ್ಲಿಯವರೆಗೆ ಸೆರಗಿನ ತುದಿ ಹಿಡಿದು ಕುಳಿತಿದ್ದವಳು ತಲೆ ಎತ್ತಿದಳು. "ಓಟಿಗೆ ಕೂತಿದ್ದರೆ ಕಡೆಯ ಬಸ್ ತಪ್ಪುತ್ತಿತ್ತು. ಇಷ್ಟು ಹೊತ್ತು ಎಲ್ಲಿದ್ದೆ ಎಂದು ನೀವೇ ಕೇಳುತ್ತಿದ್ದಿರಿ. ಆಗ ನೀವು ಕೊಡುತ್ತಿದ್ದ ಹೆಸರೂ ಇದೇ ಅಲ್ಲವೇ?"

ಅವನಿಂದ ಉತ್ತರ ಬರಲಿಲ್ಲ. ನಾನೂ ಮಾತು ತುಂಬಿಸಲಿಲ್ಲ. ಸಮಾಧಾನ ಹೇಳುವ ಚಪಲ ನಮ್ಮ ವೃತ್ತಿಯವರಿಗೆ ಸ್ವಲ್ಪ ಜಾಸ್ತಿ. ಆ ಹೊತ್ತಿಗೆ ಅದು ಬೇಕಿರಲಿಲ್ಲ.

ಆಮೇಲೆ ನೋಟಿಸನ್ನು ಮುಂದಿಟ್ಟುಕೊಂಡು ಬಿಡಿಸಿ ಹೇಳಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕಾರ್ಖಾನೆಯ ಕೆಲಸದ ನಿಯಮಗಳ ಮಾದರಿಯಲ್ಲಿ, ದುರ್ನಡತೆಗಳ ಪಟ್ಟಿಯೊಂದಿತ್ತು. ಅದರಲ್ಲಿ ಮೊದಲು ಬರುತ್ತಿದ್ದುದೇ ಅವಿಧೇಯತೆ. ಕಳ್ಳತನ, ವಂಚನೆ ಅದರ ನಂತರ! ಶೀಲಕ್ಕೂ ಇದಕ್ಕೂ ಸಂಬಂಧವಿಲ್ಲ. ಮೇಲಿನವರ ಮಾತು ಮೀರಿದ್ದೆಲ್ಲ ಅವಿಧೇಯತೆಯೂ ಅಲ್ಲ: ಆದೇಶ ಕಾನೂನುಬದ್ಧವಾಗಿರಬೇಕು, ನ್ಯಾಯಸಮ್ಮತವಾಗಿರಬೇಕು, ಮೀರಿದ್ದು ಬೇಕೆಂದೇ ಆಗಿರಬೇಕು. ಊರಿಗೆ ಬೇರೆ ಬಸ್ಸಿಲ್ಲದವಳು ಎದ್ದು ಹೋದದ್ದು ಹಟವೋ ಅನಿವಾರ್ಯವೋ ಎಂಬುದೇ ಇಲ್ಲಿರುವ ಪ್ರಶ್ನೆ.

ತಪ್ಪೊಪ್ಪಿಗೆ ಬರೆದುಕೊಡಬೇಡಿ ಎಂದೆ. ಮನೆಯ ಶಾಂತಿಗೆಂದು ಬರೆದ ಕ್ಷಮಾಪಣೆಯನ್ನು ವಿಚಾರಣೆಯಲ್ಲಿ ಆರೋಪ ಒಪ್ಪಿಕೊಂಡಂತೆ ಓದುತ್ತಾರೆ. ಬಸ್ಸಿನ ಸಮಯ, ಯಾರಿಗೆ ಏನು ಹೇಳಿದಿರಿ ಎಂಬುದನ್ನೆಲ್ಲ ಬರೆದು ಗಡುವಿನೊಳಗೆ ಉತ್ತರ ಕೊಡಿ, ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಓಟಿ ನಿರಾಕರಿಸಿದ ಕಡೆಯ ದಿನ ದನಿ ಏರಿಸಿದ್ದಾಗಿ ಆಕೆಯೇ ಹೇಳಿದಳು. ಅದನ್ನು ವಕೀಲರಿಂದ ಮುಚ್ಚಿಡಬೇಡಿ ಎಂದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, 1987ರ ಕಾಯ್ದೆಯ ಪ್ರಕಾರ.

ಆಪ್ತಸಲಹೆಗಾರರಿಗೆ ಕಾನೂನು ಏಕೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ನಿದ್ದೆ ಕೆಡಿಸಿದ್ದು ಒಂದು ಕಾಗದವಾಗಿರುವಾಗ ಅದನ್ನು ಓದಿಸದೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳುಹಿಸುವುದು ನನಗೆ ಒಗ್ಗದು. ಹೊಂದಿಕೊಂಡು ಹೋಗಮ್ಮ ಎನ್ನಲು ಊರತುಂಬ ಜನರಿದ್ದಾರೆ.

ಉತ್ತರ ಹೋಗಿದೆ, ವಿಚಾರಣೆ ಮುಗಿದಿಲ್ಲ. ನೋಟಿಸಿನ ಅರ್ಥವನ್ನು ಅತ್ತೆಗೆ ತಿಳಿಸುವ ಕೆಲಸವನ್ನು ಗಂಡನಿಗೆ ವಹಿಸಿದ್ದೆ. ಹೇಳಿದ್ದಾನಂತೆ, ಅವರು ಇನ್ನೂ ನಂಬಿಲ್ಲ.