90 ಸೀಟಿನ ಕೆಫೆಯಲ್ಲಿ ಹಾಡಿದರೆ ದಾನಕ್ಕೆ ಎಷ್ಟು ಸೇರೀತು?

ಪ್ರಶ್ನೆ: ಅಮೆರಿಕದ ನ್ಯಾಶ್‌ವಿಲ್‌ನ ಒಂದು ಪುಟ್ಟ ಕೆಫೆಯಲ್ಲಿ ಕಂಟ್ರಿ ಹಾಡು (ಅಲ್ಲಿನ ಹಳ್ಳಿಗಾಡಿನ ಶೈಲಿಯದು) ಬರೆಯುವವರೇ ಕೂತು ದಾನಕ್ಕಾಗಿ ಹಾಡ್ತಾರಂತೆ. 90 ಜನ ಕೂರುವ ಜಾಗದಲ್ಲಿ ಏನು ದುಡ್ಡು ಹುಟ್ಟುತ್ತೆ? ಹೆಸರಾಂತ ಗಾಯಕರನ್ನು ಕರೆಸಿ ಸ್ಟೇಡಿಯಂನಲ್ಲೇ ಮಾಡಬಹುದಲ್ವಾ? ಜನವರಿಯಲ್ಲಿ ಆ ಕಡೆ ಬರ್ತಿದ್ದೀನಿ, ಹೋಗೋದು ದಂಡನಾ?

ದಂಡ ಏನಲ್ಲ, ಹೋಗಿ. ಟಿಕೆಟ್ ಸಿಗುವುದೇ ಕಷ್ಟ, ಆ ಮಾತು ಆಮೇಲೆ. ನಾನು ಈ ಊರಿಗೆ ಬಂದು ಸುಮಾರು ವರ್ಷವಾಯಿತು. ಕೆಲಸ ಸಾಫ್ಟ್‌ವೇರ್, ಹುಚ್ಚು ಗಿಟಾರ್. ಹಾಗಾಗಿ ಇಂಥ ಕಡೆಗೆಲ್ಲ ಹೋಗುತ್ತಿರುತ್ತೇನೆ.

ನೀವು ಕೇಳುತ್ತಿರುವುದು ಬ್ಲೂಬರ್ಡ್ ಕೆಫೆ ಬಗ್ಗೆ. ಆಮಿ ಕರ್ಲೆಂಡ್ ಎಂಬುವರು 1982ರಲ್ಲಿ ತೆರೆದದ್ದು. ಪ್ರವಾಸಿಗರು ಮುತ್ತುವ ಬ್ರಾಡ್‌ವೇ ರಸ್ತೆಯಲ್ಲಿ ಹುಡುಕಬೇಡಿ, ಅಲ್ಲಿಲ್ಲ. ಗ್ರೀನ್ ಹಿಲ್ಸ್ ಕಡೆ, ಹಿಲ್ಸ್‌ಬರೋ ಪೈಕ್ ಪಕ್ಕದ ಅಂಗಡಿ ಸಾಲಿನಲ್ಲಿ ಅದೂ ಒಂದು ಮಳಿಗೆ, ಅಷ್ಟೇ. ಕಾರಿನಲ್ಲಿ ಹೋಗುವಾಗ ಗೊತ್ತೇ ಆಗದೆ ದಾಟಿಬಿಡಬಹುದು. ಜನವರಿಯಲ್ಲಿ ಅಲೈವ್ ಹಾಸ್ಪೈಸ್ ಎಂಬ ಸಂಸ್ಥೆಗಾಗಿ ಅಲ್ಲಿ ಸರಣಿ ಕಾರ್ಯಕ್ರಮ ನಡೆಯುವ ಪದ್ಧತಿ ವರ್ಷಾನುಗಟ್ಟಲೆಯಿಂದ ಇದೆ. 1975ರಲ್ಲಿ ಹುಟ್ಟಿದ ಸಂಸ್ಥೆ. ವಾಸಿಯಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋವಿಲ್ಲದಂತೆ ನೋಡಿಕೊಳ್ಳುತ್ತದೆ, ಆಮೇಲೆ ಮನೆಯವರ ದುಃಖಕ್ಕೂ ಹೆಗಲು ಕೊಡುತ್ತದೆ. ಬೆಂಗಳೂರಿನ ಕರುಣಾಶ್ರಯ ಗೊತ್ತಿದ್ದರೆ ಹಾಸ್ಪೈಸ್ ಅಂದರೇನು ಅಂತ ನಿಮಗೆ ಹೇಳಬೇಕಿಲ್ಲ.

ಈಗ ದುಡ್ಡು. ಸುಮ್ನೆ ಲೆಕ್ಕಕ್ಕೆ ಅಂತ ಟಿಕೆಟ್‌ಗೆ 50 ಡಾಲರ್ ಇಟ್ಟುಕೊಳ್ಳಿ. 90 ಸೀಟಿಗೆ 4,500. ಸಂಜೆ ಒಂದು ಶೋ, ರಾತ್ರಿ ಒಂದು ಶೋ ಇದ್ದರೆ 9,000. ಸ್ಟೇಡಿಯಂ ಮುಂದೆ ಇದು ಏನೂ ಅಲ್ಲ, ನಿಜ. ಆದರೆ ಖರ್ಚಿನ ಕಡೆ ನೋಡಿ. ಸ್ಟೇಡಿಯಂ ಅಂದರೆ ಬಾಡಿಗೆ, ವೇದಿಕೆ, ಲೈಟು, ಲಾರಿಗಟ್ಟಲೆ ಸಾಮಾನು, ಸೆಕ್ಯುರಿಟಿ, ಇನ್ಶೂರೆನ್ಸ್, ವಾದ್ಯದವರು, ಅವರ ಹೋಟೆಲ್ ಖರ್ಚು. ಗಾಯಕರು ಒಂದು ಪೈಸೆ ಮುಟ್ಟದಿದ್ದರೂ ಇವೆಲ್ಲ ಬಿಲ್ ಆಗುತ್ತವೆ. ಕೆಫೆಯಲ್ಲಿ ನಾಲ್ಕು ಕುರ್ಚಿ, ನಾಲ್ಕು ಗಿಟಾರ್, ಕೆಲವು ಮೈಕು. ಹಾಡುವವರು ಅದೇ ಊರಿನವರು. ತಮ್ಮ ಕಾರಿನಲ್ಲಿ ಬರುತ್ತಾರೆ, ಪುಕ್ಕಟೆ ಹಾಡುತ್ತಾರೆ, ಮನೆಗೆ ಹೋಗುತ್ತಾರೆ. ಬಂದದ್ದರಲ್ಲಿ ಜಾಸ್ತಿ ಪಾಲು ಹಾಗೇ ಉಳಿಯುತ್ತದೆ. ಒಂದು ರಾತ್ರಿಯದು ಚಿಲ್ಲರೆ ಅನ್ನಿಸಿದರೂ ಮೇಲಿಂದ ಮೇಲೆ ನಡೆದಾಗ ಒಳ್ಳೆಯ ಮೊತ್ತವೇ.

ಟಿಕೆಟ್ ದುಡ್ಡೇ ಎಲ್ಲವೂ ಅಲ್ಲ ಅನ್ನುವುದು ಇನ್ನೊಂದು ವಿಷಯ. ಕಂಟ್ರಿ ರೇಡಿಯೋದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಮೆಂಫಿಸ್‌ನಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ಇದೆ. 1962ರಲ್ಲಿ ಶುರುವಾದದ್ದು, ಚಿಕಿತ್ಸೆಗೆ ಯಾವ ಕುಟುಂಬಕ್ಕೂ ಬಿಲ್ ಕಳಿಸುವುದಿಲ್ಲ. 1989ರಲ್ಲಿ ಅಲಬಾಮಾ ಅನ್ನುವ ಕಂಟ್ರಿ ಬ್ಯಾಂಡಿನ ರ‍್ಯಾಂಡಿ ಓವನ್ ಅದಕ್ಕಾಗಿ ಕಂಟ್ರಿ ರೇಡಿಯೋ ಕೇಂದ್ರಗಳನ್ನು ಒಟ್ಟುಗೂಡಿಸಿದರು. ಅಲ್ಲಿ ಕೇಳುವುದು ಒಂದೇ ಸಲದ ದೊಡ್ಡ ದೇಣಿಗೆಯನ್ನಲ್ಲ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡುವ ಮಾತನ್ನು. ಪುಟ್ಟ ಕೋಣೆಯಲ್ಲೂ ಆಗುವುದು ಅದೇ. ಒಂದು ರಾತ್ರಿ ಬಂದವರು ವರ್ಷಗಟ್ಟಲೆ ಕೊಡುವವರಾಗುತ್ತಾರೆ. ನನ್ನ ಬ್ಯಾಂಕ್ ಖಾತೆಯಿಂದಲೂ ತಿಂಗಳಿಗೊಮ್ಮೆ ಒಂದಿಷ್ಟು ಹೋಗುತ್ತದೆ. ಯಾವ ಹಾಡು ಕೇಳಿ ಕಾರ್ಡ್ ತೆಗೆದೆ ಅಂತ ನೆನಪಿದೆ, ಹೇಳಲು ನಾಚಿಕೆ.

ಹೆಸರಾಂತ ಗಾಯಕರೇ ಯಾಕೆ ಬೇಡ ಅಂದಿರಲ್ಲ, ನಿಜವಾದ ಉತ್ತರ ಇರುವುದು ಅಲ್ಲಿ. ಈ ಊರಿನಲ್ಲಿ ಹಾಡು ಬರೆಯುವುದೇ ಬೇರೆ ಕಸುಬು. ಮ್ಯೂಸಿಕ್ ರೋ ಅನ್ನುವ ಬೀದಿಗಳ ಸುತ್ತ ಬೆಳಗ್ಗೆ ಹತ್ತು, ಹನ್ನೊಂದಕ್ಕೆ ಇಬ್ಬರೋ ಮೂವರೋ ಒಂದು ಕೋಣೆಯಲ್ಲಿ ಸೇರಿ, ಆಫೀಸಿಗೆ ಬಂದವರ ಹಾಗೆ ಹಾಡು ಕಟ್ಟುತ್ತಾರೆ. ಅದಕ್ಕೆ ಕೋ-ರೈಟ್ ಅನ್ನುತ್ತಾರೆ. ಯಾರಾದರೂ ಗಾಯಕರು ಆ ಹಾಡನ್ನು ರೆಕಾರ್ಡ್ ಮಾಡಿದರೆ ಅದು ಒಂದು ಕಟ್. ಒಂದು ಕಟ್‌ಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಡಾನ್ ಶ್ಲಿಟ್ಜ್ ‘ದಿ ಗ್ಯಾಂಬ್ಲರ್’ ಅನ್ನುವ ಹಾಡು ಬರೆದದ್ದು 1976ರಲ್ಲಿ. ಆಗ ಅವರಿಗೆ 23 ವರ್ಷ. ಇಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ರಾತ್ರಿ ಪಾಳಿಯ ಕಂಪ್ಯೂಟರ್ ಆಪರೇಟರ್ ಆಗಿದ್ದರು. ನಮ್ಮ ಐಟಿ ಮಂದಿಗೆ ಖುಷಿ ಕೊಡುವ ವಿಷಯ! ಹೆಸರಾಂತ ಗಾಯಕ ಕೆನ್ನಿ ರಾಜರ್ಸ್ ಅದನ್ನು ಹಾಡಿದ್ದು 1978ರಲ್ಲಿ. ಇವತ್ತಿಗೂ ಜನರ ಬಾಯಲ್ಲಿ ಅದು ಕೆನ್ನಿ ರಾಜರ್ಸ್ ಹಾಡು.

ಇದೇ ಶ್ಲಿಟ್ಜ್, ಥಾಮ್ ಸ್ಕೈಲರ್, ಫ್ರೆಡ್ ನಾಬ್ಲಾಕ್, ಪಾಲ್ ಓವರ್‌ಸ್ಟ್ರೀಟ್, ಈ ನಾಲ್ವರು 1985ರಲ್ಲಿ ಬ್ಲೂಬರ್ಡ್‌ನಲ್ಲಿ ಒಂದು ಕೆಲಸ ಮಾಡಿದರು. ವೇದಿಕೆ ಬಿಟ್ಟು ಕೋಣೆಯ ನಡುವೆ ಒಬ್ಬರಿಗೊಬ್ಬರು ಎದುರಾಗಿ ಕೂತರು. ಸುತ್ತ ಜನ. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಹಾಡು. ಇನ್ ದ ರೌಂಡ್ ಅಂತ ಅದಕ್ಕೆ ಹೆಸರು ಬಿತ್ತು, ಇವತ್ತು ಈ ಊರಿನ ಎಷ್ಟೋ ಕಡೆ ಅದೇ ಪದ್ಧತಿ. ಸ್ಟೇಡಿಯಂನಲ್ಲಿ ಇದು ಆಗುವ ಮಾತಲ್ಲ. ಹಾಡು ಬರೆದವರ ಮುಖ ಯಾರಿಗೂ ಗೊತ್ತಿರುವುದಿಲ್ಲ, ಐವತ್ತು ಸಾವಿರ ಜನ ಯಾರನ್ನು ನೋಡಲು ಬರಬೇಕು? ನಮ್ಮ ಮನೆ ಕಛೇರಿಗಳ ಹಾಗೆ ಇದು, ಉಸಿರು ಕೇಳುವಷ್ಟು ಹತ್ತಿರ ಕೂತರೇನೇ ರುಚಿ.

ಎಷ್ಟು ಹತ್ತಿರ ಅಂದರೆ, ಒಂದು ಸಲ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಗಿಟಾರಿನ ತಲೆ ಇತ್ತು. ಹಾಡುವಾತ ಅರವತ್ತು ದಾಟಿದವರು, ಬೇಸ್‌ಬಾಲ್ ಟೋಪಿ, ಓದುವ ಕನ್ನಡಕ. ತಂತಿ ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು, ಕೇಪೋ, ಅದನ್ನು ಗಿಟಾರಿನ ಎರಡನೇ ಮನೆಗೆ ಹಾಕಿದರು, ಒಂದು ಸಲ ಮೀಟಿದರು, ತಲೆ ಅಲ್ಲಾಡಿಸಿ ತೆಗೆದೇಬಿಟ್ಟರು. “ಮೊದಲು ಈ ಶ್ರುತಿಯಲ್ಲಿ ಹಾಡುತ್ತಿದ್ದೆ, ಈಗ ಗಂಟಲು ಒಪ್ಪಲ್ಲ,” ಅಂದರು. ಆಮೇಲೆ ಶುರು ಮಾಡಿದ್ದು ರೇಡಿಯೋದಲ್ಲಿ ಎಲ್ಲರೂ ಕೇಳಿದ್ದ ಹಾಡು. ಅದರಲ್ಲಿ ರೇಡಿಯೋದಲ್ಲಿ ಇಲ್ಲದ ಒಂದು ಚರಣ ಇತ್ತು. ಅಪ್ಪನ ಕೊನೆಯ ವಾರದಲ್ಲಿ ಬರೆದದ್ದಂತೆ. ಉದ್ದ ಆಯಿತು ಅಂತ ರೆಕಾರ್ಡ್ ಮಾಡುವಾಗ ಕತ್ತರಿಸಿದ್ದರಂತೆ. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ಆ ಚರಣಕ್ಕೆ ಕೆಳದನಿಯಲ್ಲಿ ಜೊತೆಗೂಡಿದರು. ಇಬ್ಬರೂ ತಾಲೀಮು ಮಾಡಿರಲಿಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು, ಕಣ್ಣಲ್ಲೇ ಕೇಳಿಕೊಂಡು ಹಾಡುತ್ತಿದ್ದರು. ಹಾಡು ಮುಗಿದ ಮೇಲೆ ಹಾಸ್ಪೈಸ್‌ನ ಒಬ್ಬ ನರ್ಸ್ ಎದ್ದು ಎರಡು ನಿಮಿಷ ಮಾತಾಡಿದರು. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಏನು ಮಾಡುತ್ತಾರೆ, ಮನೆಗೆ ಹೋದಾಗ ಮೊದಲು ಯಾರನ್ನು ಮಾತಾಡಿಸುತ್ತಾರೆ, ಇಷ್ಟೇ. ಬೇರೆ ಭಾಷಣ ಇಲ್ಲ.

ಇದಕ್ಕೆ ಎದುರಾದ ಅನುಭವವೂ ಇದೆ. ಬೇರೆ ಊರಿನ ಒಂದು ದೊಡ್ಡ ಹೋಟೆಲಿನಲ್ಲಿ ದಾನದ ಔತಣಕೂಟ. ಆಫೀಸಿನವರು ಇಡೀ ಟೇಬಲ್ ಕೊಂಡಿದ್ದರು. ವೇದಿಕೆಯ ಮೇಲೆ ಒಳ್ಳೆಯ ಗಾಯಕಿ. ಕೆಳಗೆ ತಟ್ಟೆ ಚಮಚದ ಸದ್ದು, ಹರಟೆ, ಹರಾಜು. ದುಡ್ಡು ನಿಜಕ್ಕೂ ಜಾಸ್ತಿ ಬಂತು, ಸುಳ್ಳು ಹೇಳಲ್ಲ. ಆದರೆ ಯಾರಿಗಾಗಿ ಕೂಡಿಸಿದ್ದು ಅಂತ ನಮ್ಮ ಟೇಬಲಿನಲ್ಲಿ ಯಾರಿಗೂ ಮರುದಿನ ಹೇಳಲು ಬರಲಿಲ್ಲ. ಬ್ಲೂಬರ್ಡ್‌ನಲ್ಲಿ ಮಾತಾಡಿದರೆ ಸಿಬ್ಬಂದಿ ಬಂದು “ಶ್!” ಅನ್ನುತ್ತಾರೆ. ಅಲ್ಲಿನ ನಿಯಮವೇ ಅದು. ಆರ್ಡರ್ ಕೂಡ ಪಿಸುಮಾತಿನಲ್ಲಿ ಕೊಡಬೇಕು. ಮೊದಮೊದಲು ನನಗೆ ಇದು ಅತಿ ಅನ್ನಿಸುತ್ತಿತ್ತು. ಈಗ ಪಕ್ಕದವರು ಚಿಪ್ಸ್ ಅಗಿದರೂ ತಿರುಗಿ ನೋಡುತ್ತೇನೆ.

ಇಷ್ಟು ಹೇಳಿದ ಮೇಲೆ ಹಾಡುವವರ ಜೇಬಿನ ಮಾತೂ ಆಡಬೇಕು, ಯಾಕಂದರೆ ಇವರೆಲ್ಲ ಸಾಹುಕಾರರು ಅಂತ ಜನ ಅಂದುಕೊಂಡಿರುತ್ತಾರೆ. ಅಮೆರಿಕದಲ್ಲಿ ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಹಾಡಿದವರಿಗೆ ದುಡ್ಡಿಲ್ಲ, ಬರೆದವರಿಗೆ ಮತ್ತು ಅವರ ಹಾಡಿನ ಹಕ್ಕು ನೋಡಿಕೊಳ್ಳುವ ಪಬ್ಲಿಷರ್‌ಗೆ ಇದೆ. ಹಾಗಾಗಿ ರೇಡಿಯೋ ಹಿಟ್ ಒಂದಿದ್ದರೆ ಸರಿ. ಇಲ್ಲದವರು ನಂಬಿಕೊಂಡಿದ್ದದ್ದು ಸಿ.ಡಿ. ಮಾರಾಟವನ್ನು. ಪ್ರತಿಯೊಂದಕ್ಕೆ ಹಾಡಿಗಿಷ್ಟು ಅಂತ ಸರ್ಕಾರಿ ದರ ಇದೆ. 2006ರಿಂದ 2022ರವರೆಗೆ ಅದು 9.1 ಸೆಂಟ್, 2023ರಲ್ಲಿ 12 ಸೆಂಟ್ ಆಯಿತು. ಸಾಮಾನ್ಯವಾಗಿ ಅರ್ಧ ಪಬ್ಲಿಷರ್‌ಗೆ. ಇಬ್ಬರು ಸೇರಿ ಬರೆದಿದ್ದರೆ ಆ 12ರಲ್ಲಿ ಒಬ್ಬರ ಕೈಗೆ ಬರುವುದು 3 ಸೆಂಟ್. ಮುಂಚೆ ಲಕ್ಷಗಟ್ಟಲೆ ಸಿ.ಡಿ. ಹೋಗುತ್ತಿದ್ದಾಗ ಅದರಲ್ಲೂ ಸಂಸಾರ ನಡೆಯುತ್ತಿತ್ತು. ಆಲ್ಬಮ್‌ನ ಒಂಬತ್ತನೇ ಹಾಡಿಗೂ ಒಂದನೇ ಹಾಡಿನಷ್ಟೇ ದರ. ಈಗ ಜನ ಬೇಕಾದ ಹಾಡನ್ನಷ್ಟೇ ಫೋನಿನಲ್ಲಿ ಕೇಳುತ್ತಾರೆ, ಒಂಬತ್ತನೇ ಹಾಡು ಬರೆದವರ ಗತಿ ಏನು? ಎಷ್ಟೋ ಜನ ಈ ಕಸುಬನ್ನೇ ಬಿಟ್ಟಿದ್ದಾರೆ. ಅಂಥವರ ನಡುವಿನಿಂದ ಬಂದು ಪುಕ್ಕಟೆ ಹಾಡುತ್ತಾರೆ ಅನ್ನುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಕೆಫೆಯನ್ನು 2008ರಿಂದ ನಡೆಸುತ್ತಿರುವುದೂ ಹಾಡು ಬರೆಯುವವರ ಸಂಘವೇ, ಎನ್‌ಎಸ್‌ಎಐ.

ಹೊಗಳಿದ್ದು ಜಾಸ್ತಿ ಆಯಿತು. ಕೆಲವರು ಹಾಡಿಗಿಂತ ಉದ್ದದ ಕಥೆ ಹೇಳುತ್ತಾರೆ. ಟ್ರಕ್ಕು, ಬಿಯರು, ಅಮ್ಮ, ದೇವರು, ಒಂದೇ ರಾತ್ರಿ ಎಲ್ಲವೂ ಬರುತ್ತವೆ. ದಾನದ ರಾತ್ರಿಯಲ್ಲಿ ಅಳಿಸಲೇಬೇಕು ಅಂತ ಹಟ ಹಿಡಿದ ಹಾಡುಗಳೂ ಇರುತ್ತವೆ. ನನಗೆ ಇಷ್ಟವಾಗುವುದು ಆ ಸಾಲಿನಲ್ಲಿ ಒಬ್ಬರಾದರೂ ತಮಾಷೆ ಹಾಡು ಹಾಡಿದಾಗ.

ಇನ್ನು ಟಿಕೆಟ್. ಆ ವರ್ಷದ ಪಟ್ಟಿಯನ್ನು ಕೆಫೆಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಬುಕಿಂಗ್ ಯಾವಾಗ ತೆರೆಯುತ್ತದೆ ಅಂತ ಅಲ್ಲೇ ಹಾಕಿರುತ್ತಾರೆ. ಭಾರತದ ಸಮಯಕ್ಕೆ ಲೆಕ್ಕ ಹಾಕಿ ಅಲಾರಂ ಇಟ್ಟುಕೊಳ್ಳಿ, ನಿಮಿಷಗಳಲ್ಲಿ ಮುಗಿಯುತ್ತದೆ. ತತ್ಕಾಲ್ ಟಿಕೆಟ್ ಮಾಡಿಸಿ ಅಭ್ಯಾಸ ಇದ್ದವರಿಗೆ ಕೈ ಓಡುತ್ತದೆ. ಸಾಮಾನ್ಯ ದಿನಗಳಲ್ಲಿ ಬಾರ್ ಪಕ್ಕದ ಸೀಟು, ಚರ್ಚಿನಿಂದ ತಂದಂತಿರುವ ಉದ್ದ ಬೆಂಚು, ಇವನ್ನು ಮೊದಲು ಬಂದವರಿಗೆ ಕೊಡುವುದುಂಟು. ದಾನದ ಶೋಗೂ ಹಾಗೇನಾ ಅಂತ ಕೇಳಿಕೊಂಡು ಹೋಗಿ. ಸಾಲಿನಲ್ಲಿ ನಿಲ್ಲುವುದಾದರೆ ದಪ್ಪ ಜಾಕೆಟ್ ಬೇಕೇ ಬೇಕು, ಜನವರಿ ಚಳಿ ಇಲ್ಲಿ ಮೈ ಕೊರೆಯುತ್ತದೆ. ಪಾರ್ಕಿಂಗ್ ಜಾಗ ತೀರಾ ಕಮ್ಮಿ, ಊಬರ್ ವಾಸಿ. ಒಳಗೆ ಒಬ್ಬೊಬ್ಬರೂ ಇಂತಿಷ್ಟಕ್ಕಾದರೂ ತಿನ್ನಲೋ ಕುಡಿಯಲೋ ತೆಗೆದುಕೊಳ್ಳಲೇಬೇಕು, ಅದನ್ನೂ ಬಜೆಟ್‌ಗೆ ಸೇರಿಸಿ.

ಯಾವುದೂ ಸಿಗದಿದ್ದರೆ ಸೋಮವಾರದ ಓಪನ್ ಮೈಕ್‌ಗೆ ಹೋಗಿ. ಅಲ್ಲಿ ಹಾಡುವವರು ಯಾರಿಗೂ ಗೊತ್ತಿಲ್ಲದವರು, ಕೆಲವರು ಚೆನ್ನಾಗಿರುತ್ತಾರೆ, ಕೆಲವರು ಕೈ ನಡುಗಿಸುತ್ತಾ ಗಿಟಾರಿನಲ್ಲಿ ಸ್ವರ ತಪ್ಪುತ್ತಾರೆ. ಕಂಟ್ರಿಯ ದೊಡ್ಡ ಸ್ಟಾರ್ ಗಾರ್ತ್ ಬ್ರೂಕ್ಸ್ ಕೂಡ ಹೆಸರು ಮಾಡುವ ಮುಂಚೆ ಇದೇ ಕೆಫೆಯಲ್ಲಿ ಹಾಡಿದವರು. ಹಾಸ್ಪೈಸ್‌ಗೆ ಕೊಡಬೇಕು ಅನ್ನಿಸಿದರೆ ಟಿಕೆಟ್ಟೇ ಬೇಕು ಅಂತೇನಿಲ್ಲ, ನೇರವಾಗಿಯೂ ಕೊಡಬಹುದು.